ಕಾಲಿಂಚು ತಪ್ಪಿದರೆ

ಅಮೆರಿಕದ ವರ್ಮಾಂಟ್ ರಾಜ್ಯದ ಬೆನ್ನಿಂಗ್ಟನ್ ಮ್ಯೂಸಿಯಂನಲ್ಲಿ ಒಂದು ಹಳೆಯ ಕ್ವಿಲ್ಟ್, ಎಂದರೆ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆ, ಇದೆ. ಹೊಲಿದಾಕೆ ಅದರ ಮೂಲೆಯಲ್ಲಿ ಹೆಸರಿನ ಜತೆಗೆ ಲೆಕ್ಕವನ್ನೂ ದಾಖಲಿಸಿದ್ದಾರೆ: ಯುದ್ಧಕಾಲ, 1863, ತುಂಡುಗಳು 5602. ಹೆಸರು ಜೇನ್ ಎ. ಸ್ಟಿಕಲ್, ಊರು ಪಕ್ಕದ ಶಾಫ್ಟ್ಸ್‌ಬರಿ. ಯುದ್ಧವೆಂದರೆ ಅಮೆರಿಕದ ಅಂತರ್ಯುದ್ಧ. ಬಟ್ಟೆ ಈಗ ಬಲು ನಾಜೂಕಾಗಿರುವುದರಿಂದ ಅದನ್ನು ವರ್ಷದಲ್ಲಿ ಕೆಲವೇ ವಾರ ಜನರ ನೋಟಕ್ಕೆ ಇಡುತ್ತಾರೆ. ನೋಡಲು ಬರುವವರಲ್ಲಿ ಅದರ ನಕಲನ್ನು ಹೊಲಿದು ಮುಗಿಸಿದವರೂ ಇರುತ್ತಾರೆ, ಅರ್ಧಕ್ಕೆ ಬಿಟ್ಟು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದವರೂ ಇರುತ್ತಾರೆ.

ಒಳಗೆ 13 ಸಾಲು, ಸಾಲಿಗೆ 13 ಚೌಕ, ಒಟ್ಟು 169. ಸುತ್ತಲಿನ ಅಂಚಿಗೆ 52 ತ್ರಿಕೋನಗಳು, ಮೂಲೆಗೆ ನಾಲ್ಕು. ಹೀಗೆ 225 ಬ್ಲಾಕ್‌ಗಳು, ಒಂದರ ವಿನ್ಯಾಸ ಇನ್ನೊಂದಕ್ಕಿಲ್ಲ. ಸುಮಾರು ಐದಿಂಚಿನ ಚೌಕದೊಳಗೆ ಸರಾಸರಿ 25 ತುಂಡು. 1996ರಲ್ಲಿ ಬ್ರೆಂಡಾ ಪಾಪಡಾಕಿಸ್ ಈ ಇನ್ನೂರ ಇಪ್ಪತ್ತೈದನ್ನೂ ಅಳೆದು, ಗೆರೆ ಎಳೆದು ಪುಸ್ತಕ ಮಾಡಿದರು. ಅಲ್ಲಿಂದ ಮುಂದೆ ಹಲವು ದೇಶಗಳ ಕ್ವಿಲ್ಟ್ ಪ್ರಿಯರಿಗೆ ಇದೊಂದು ಹರಕೆಯಾಗಿಬಿಟ್ಟಿದೆ. ಸುಲಭದ ಚೌಕಗಳಿಂದ ಕಷ್ಟದವುಗಳಿಗೆ ಒಂದೊಂದೇ ಮೆಟ್ಟಿಲು ಹತ್ತಿ ಕಲಿಯಬಹುದೆಂಬ ಆಸೆಯಲ್ಲಿ ಶುರು ಮಾಡುತ್ತಾರೆ. ಯಾವುದು ಸುಲಭ, ಯಾವುದು ಕಷ್ಟ ಎಂಬ ಅಂದಾಜೇ ತಲೆಕೆಳಗಾಗುವುದು ಆಮೇಲೆ. ನಲವತ್ತು ತುಂಡಿನ ಚೌಕ ಒಂದು ಸಂಜೆಗೆ ಮುಗಿಯುತ್ತದೆ. ಎರಡೇ ತುಂಡಿನದು ಮೂರು ಸಲ ಬಿಚ್ಚಿಸಿಕೊಳ್ಳುತ್ತದೆ.

ತುಂಡುಗಳ ಸಂಖ್ಯೆ ನೋಡಿ ಹೆದರುವವರು ತಪ್ಪು ಜಾಗದಲ್ಲಿ ಹೆದರುತ್ತಾರೆ. ಕ್ವಿಲ್ಟ್‌ನ ಕಷ್ಟವಿರುವುದು ಕೂಡಿಕೆಯಲ್ಲಿ. ಗೆರೆ ನೇರವೋ ಓರೆಯೋ, ಒಳಮೂಲೆಯೊಳಗೆ ನುಗ್ಗಬೇಕೋ, ಬಾಗಬೇಕೋ ಎಂಬುದರ ಮೇಲೆ ಅದು ನಿಂತಿದೆ. ಜತೆಗೆ ಇನ್ನೊಂದು ಪೇಚಿದೆ: ತಪ್ಪು ಹುಟ್ಟುವುದು ಒಂದು ಕಡೆ, ಕಣ್ಣಿಗೆ ಬೀಳುವುದು ಇನ್ನೊಂದು ಕಡೆ. ಕತ್ತರಿಸುವಾಗ ಆದದ್ದು ಮೂರನೆಯ ಹೊಲಿಗೆಯಲ್ಲಿ ತೋರುತ್ತದೆ, ಇಸ್ತ್ರಿಯಲ್ಲಿ ಆದದ್ದು ಸಾಲು ಕೂಡಿಸುವಾಗ. ಮಾಡಿ ನೋಡಿ ಕಲಿಯುವುದೆಂದರೆ ಇಲ್ಲಿ ಬಹುಮಟ್ಟಿಗೆ ಹಿಂದಕ್ಕೆ ನಡೆದು ಆ ತಪ್ಪಿನ ತವರು ಹುಡುಕುವ ಕೆಲಸ.

ಲೆಕ್ಕವೆಲ್ಲ ಶುರುವಾಗುವುದು ಕಾಲಿಂಚಿನಿಂದ. ನಮ್ಮ ದರ್ಜಿ ರವಿಕೆ ಹೊಲಿಯುವಾಗ ಬದಿಗೆ ಒಂದಿಂಚೋ ಒಂದೂವರೆ ಇಂಚೋ ಮಾರ್ಜಿನ್ ಬಿಡುತ್ತಾನೆ. ನಾಳೆ ಮೈ ತುಂಬಿಕೊಂಡರೆ ಬಿಚ್ಚಿ ಸಡಿಲ ಮಾಡಬೇಕಲ್ಲ. ಅಮೆರಿಕದ ಬ್ಲಾಕ್ ಪದ್ಧತಿಯಲ್ಲಿ ಅಂಥ ಉದಾರತೆಯಿಲ್ಲ. ಎಲ್ಲ ಕಡೆಯೂ ಕಾಲಿಂಚು, ಸುಮಾರು ಆರು ಮಿಲಿಮೀಟರ್, ಅಷ್ಟೇ. ಎರಡಿಂಚಿನ ಚೌಕ ಬೇಕೆಂದರೆ ಎರಡೂವರೆ ಇಂಚಿಗೆ ಕತ್ತರಿಸಬೇಕು. ಅಂಥ ಎಂಟು ಚೌಕಗಳನ್ನು ಸಾಲಾಗಿ ಕೂಡಿಸಿದರೆ ಏಳು ಹೊಲಿಗೆ, ಉದ್ದ ಹದಿನಾರೂವರೆ ಇಂಚು ಬರಬೇಕು. ಕಾಲಿಂಚಿನ ಬದಲು ಇಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚು ಹಿಡಿದು ಹೊಲಿದರೆ? ಪ್ರತಿ ಹೊಲಿಗೆಗೂ ಎರಡು ಕಡೆಯಿಂದ ಸೇರಿ ಇಂಚಿನ ಎಂಟನೇ ಒಂದು ಭಾಗ ಹೋಯಿತು. ಏಳು ಹೊಲಿಗೆಗೆ ಮುಕ್ಕಾಲಿಂಚಿಗೂ ಮಿಕ್ಕಿ ನಷ್ಟ. ಕಣ್ಣಿಗೆ ಕಾಣದ ತಪ್ಪು ಸಾಲಿನ ಕೊನೆಯಲ್ಲಿ ಬೆರಳಗಲ ಆಗುತ್ತದೆ.

ಹಾಗೆಂದು ಅಳತೆಪಟ್ಟಿ ಇಟ್ಟು ಸರಿಯಾಗಿ ಕಾಲಿಂಚು ಹಿಡಿದರೂ ಸಾಲು ಚೂರು ಗಿಡ್ಡವೇ ಬರುತ್ತದೆ. ಹೊಲಿದ ಮೇಲೆ ಬಟ್ಟೆ ಮಡಚಿಕೊಳ್ಳುತ್ತದೆ, ಮಡಿಕೆಯ ಬೆನ್ನು ದಾರದ ದಪ್ಪವನ್ನು ಸುತ್ತಿಕೊಂಡು ಬರಬೇಕು. ಅದಕ್ಕೆ ಒಂದೆರಡು ಎಳೆ ಬಟ್ಟೆ ಖರ್ಚು. ಅದಕ್ಕೇ ಪಳಗಿದವರು ಕಾಲಿಂಚಿಗಿಂತ ಒಂದು ಎಳೆ ಕಡಿಮೆಯೇ ಹಿಡಿದು ಹೊಲಿಯುತ್ತಾರೆ. ಸೂಜಿ ಎಲ್ಲಿ ಇಳಿಯಬೇಕೆಂದು ಕಂಡುಕೊಳ್ಳಲು ಅವರಲ್ಲೊಂದು ಹಳೆಯ ಪರೀಕ್ಷೆಯಿದೆ. ಒಂದೂವರೆ ಇಂಚು ಅಗಲದ ಮೂರು ಪಟ್ಟಿಗಳನ್ನು ಕೂಡಿಸಿ ಇಸ್ತ್ರಿ ಮಾಡಿ ನಡುವಿನ ಪಟ್ಟಿಯನ್ನು ಅಳೆಯುವುದು. ಸರಿಯಾಗಿ ಒಂದಿಂಚು ಬಂದರೆ ಮುಂದಕ್ಕೆ, ಬಾರದಿದ್ದರೆ ಸೂಜಿ ಸರಿಸಿ ಇನ್ನೊಮ್ಮೆ. ಹೊಸ ಮೆಷಿನ್ನು, ಹೊಸ ದಾರ, ದಪ್ಪ ಬೇರೆಯಾದ ಬಟ್ಟೆ ಬಂದಾಗಲೆಲ್ಲ ಈ ಪರೀಕ್ಷೆ ಮತ್ತೆ ಮೊದಲಿನಿಂದ.

ಈ ತಪ್ಪಿನ ಕುಚೋದ್ಯ ತಿಳಿಯುವುದು ಬೇರೆ ಬೇರೆ ಬ್ಲಾಕ್‌ಗಳನ್ನು ಒಂದೇ ಹೊದಿಕೆಗೆ ಕೂಡಿಸಲು ಹೊರಟಾಗ. ನಾಲ್ಕು ಚೌಕದ ಫೋರ್ ಪ್ಯಾಚ್‌ನಲ್ಲಿ ಅಡ್ಡಕ್ಕೆ ಒಂದೇ ಹೊಲಿಗೆ. ಒಂಬತ್ತು ಚೌಕದ ನೈನ್ ಪ್ಯಾಚ್‌ನಲ್ಲಿ ಎರಡು. ಇನ್ನಷ್ಟು ಸಣ್ಣ ತುಂಡುಗಳದ್ದರಲ್ಲಿ ಐದೋ ಆರೋ. ಕಾಗದದ ಮೇಲೆ ಎಲ್ಲವೂ ಹನ್ನೆರಡು ಇಂಚು. ಕೈಯೂ ಒಂದೇ, ತಪ್ಪೂ ಒಂದೇ, ಆದರೆ ಮೊದಲನೆಯದು ಎಂಟನೇ ಒಂದು ಭಾಗ ಇಂಚು ಕಡಿಮೆ ಬಂದರೆ ಎರಡನೆಯದು ಕಾಲಿಂಚು, ಐದು ಹೊಲಿಗೆಯದು ಅರ್ಧ ಇಂಚಿಗೂ ಮಿಗಿಲು ಕಡಿಮೆ. ಬರೀ ನೈನ್ ಪ್ಯಾಚ್‌ಗಳನ್ನೇ ಹೊಲಿಯುತ್ತಿದ್ದಷ್ಟು ದಿನ ಇದು ಗೊತ್ತೇ ಆಗುವುದಿಲ್ಲ. ಎಲ್ಲವೂ ಒಂದೇ ಸಮ ಚಿಕ್ಕದಾಗಿ ಸುಖವಾಗಿ ಹೊಂದಿಕೊಂಡಿರುತ್ತವೆ. ಕಷ್ಟದ ಬ್ಲಾಕ್‌ಗೆ ಕೈ ಹಾಕಿದ ದಿನ ಹಳೆಯ ಸಾಲವೆಲ್ಲ ಎದ್ದು ಬರುತ್ತದೆ, ಬೈಗುಳ ಮಾತ್ರ ಹೊಸ ಬ್ಲಾಕ್‌ಗೆ.

ಚೌಕಗಳಾದ ಮೇಲೆ ತ್ರಿಕೋನ. ಇಲ್ಲಿ ಶಾಲೆಯಲ್ಲಿ ಓದಿದ ಪೈಥಾಗೊರಸ್ ಎದುರಾಗುತ್ತಾನೆ. ಎರಡಿಂಚಿನ ಚೌಕವನ್ನು ಕರ್ಣದಲ್ಲಿ ಎರಡು ಬಣ್ಣ ಮಾಡಬೇಕು. ಎರಡೂವರೆ ಇಂಚಿನ ಚೌಕಗಳನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ಬಣ್ಣ ಬದಲಿಸಿ ಹೊಲಿದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಹೊಲಿದು ಬಿಡಿಸಿದರೆ ಚೌಕ ಎರಡೂ ಎಂಟನೇ ಒಂದಿಂಚಿನ ಆಸುಪಾಸಿಗೆ ಇಳಿದಿರುತ್ತದೆ. ಕರ್ಣದ ಗುಂಟ ಹಿಡಿದ ಕಾಲಿಂಚು ಬದಿಯ ಗುಂಟ ಅಳೆದಾಗ ಕಾಲಿಂಚಾಗಿ ಉಳಿಯುವುದಿಲ್ಲ. ಎರಡರ ವರ್ಗಮೂಲ 1.414ರಿಂದ ಗುಣಿಸಿದಷ್ಟಾಗುತ್ತದೆ, ಅಂದರೆ 0.354 ಇಂಚು. ಎರಡು ಬದಿಯ ಮಾಮೂಲು ಅರ್ಧ ಇಂಚು ಸೇರಿಸಿದರೆ 0.854. ಅಳತೆಪಟ್ಟಿಯಲ್ಲಿ ಅಂಥ ಗೆರೆ ಇಲ್ಲ, ಅದಕ್ಕೆ ಹತ್ತಿರದ 0.875ಕ್ಕೆ, ಎಂದರೆ ಎಂಟನೇ ಏಳು ಭಾಗಕ್ಕೆ ಏರಿಸಿದರು. ಕ್ವಿಲ್ಟ್ ಪುಸ್ತಕಗಳಲ್ಲೆಲ್ಲ ಮಂತ್ರದಂತೆ ಬರುವ ಈ ಎಂಟನೇ ಏಳರ ಹಿಂದಿರುವುದು ಇಷ್ಟೇ. ಚೌಕವನ್ನು ನಾಲ್ಕು ತ್ರಿಕೋನ ಮಾಡುವಾಗ ಇದೇ ಲೆಕ್ಕ 1.207 ಎನ್ನುತ್ತದೆ, ಪುಸ್ತಕಗಳು ಒಂದೂಕಾಲಿಂಚು ಎನ್ನುತ್ತವೆ.

ಏರಿಸಿದ್ದರಲ್ಲಿ ಉಳಿಯುವ ಕೂದಲೆಳೆಯ ಹೆಚ್ಚುವರಿಯನ್ನು ಕಂಡ ಜಾಣರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಲೆಕ್ಕವೇ ಬೇಡ, ಮೂರಿಂಚಿಗೆ ದೊಡ್ಡದಾಗಿ ಕತ್ತರಿಸು, ಹೊಲಿ, ಆಮೇಲೆ ಎರಡೂವರೆಗೆ ಸವರಿ ತೆಗೆ. ಬಟ್ಟೆ ದಂಡ, ನಿಜ. ಹೊಲಿಗೆ ಬಿಚ್ಚುವುದು ಉಳಿಯಿತಲ್ಲ.

ಬರೀ ಲೆಕ್ಕದಿಂದ ಇದು ಮುಗಿಯುವಂತಿದ್ದರೆ ಗಣಿತದ ಮೇಷ್ಟ್ರುಗಳೆಲ್ಲ ಒಳ್ಳೆಯ ಕ್ವಿಲ್ಟ್ ಹೊಲಿಯಬೇಕಿತ್ತು. ಬಟ್ಟೆಗೆ ಕಾಗದಕ್ಕಿಲ್ಲದ ಒಂದು ಸ್ವಭಾವವಿದೆ. ಹಾಸಿನ ಎಳೆಯ ಗುಂಟ ಎಳೆದರೆ ಅದು ಜಗ್ಗುವುದಿಲ್ಲ. ಹೊಕ್ಕಿನ ಗುಂಟ ಸ್ವಲ್ಪ ಜಗ್ಗುತ್ತದೆ. ಎರಡರ ನಡುವೆ ಓರೆಯಾಗಿ, 45 ಡಿಗ್ರಿಯಲ್ಲಿ ಎಳೆದರೆ ರಬ್ಬರಿನ ಹಾಗೆ ಬರುತ್ತದೆ. ದರ್ಜಿಗಳು ಕುತ್ತಿಗೆಯ ಪೈಪಿಂಗಿಗೆ ಬಟ್ಟೆಯನ್ನು ಕ್ರಾಸ್ ಕತ್ತರಿಸುವುದು ಈ ಗುಣಕ್ಕಾಗಿಯೇ, ತಿರುವಿನಲ್ಲಿ ಅದು ಬಳುಕಲಿ ಎಂದು. ಅವರಿಗೆ ವರವಾದದ್ದು ಕ್ವಿಲ್ಟ್ ಹೊಲಿಯುವವರಿಗೆ ಕಾಟ. ಚೌಕವನ್ನು ಕರ್ಣದಲ್ಲಿ ಕತ್ತರಿಸಿದ ಗಳಿಗೆಯಲ್ಲೇ ಆ ಉದ್ದ ಬದಿ ಕ್ರಾಸ್ ಆಯಿತು. ಮೆಷಿನ್ನಿನಡಿಗೆ ಇಟ್ಟು ಬೆರಳಿನಿಂದ ತುಸು ಎಳೆದರೂ ಸಾಕು, ತ್ರಿಕೋನದ ಸೊಂಟ ಸಡಿಲ.

ಒಂದೇ ಆಕಾರದ ತ್ರಿಕೋನವನ್ನು ಎರಡು ಬಗೆಯಲ್ಲಿ ಕತ್ತರಿಸಬಹುದು ಎನ್ನುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಚೌಕವನ್ನು ಎರಡು ಮಾಡಿದರೆ ಉದ್ದ ಬದಿ ಓರೆ, ಗಿಡ್ಡ ಬದಿಗಳು ನೇರ ಎಳೆ. ಇನ್ನೂ ದೊಡ್ಡ ಚೌಕವನ್ನು ನಾಲ್ಕು ಮಾಡಿದರೆ ಉದ್ದ ಬದಿ ನೇರ ಎಳೆ, ಗಿಡ್ಡವೆರಡು ಓರೆ. ಮೇಜಿನ ಮೇಲೆ ಇಟ್ಟರೆ ಅವಳಿ ಮಕ್ಕಳು. ಗುಣ ಬೇರೆ ಬೇರೆ. ಬ್ಲಾಕ್‌ನ ಹೊರ ಅಂಚಿಗೆ ಬರುವ ಬದಿ ಯಾವತ್ತೂ ನೇರ ಎಳೆಯದ್ದಿರಬೇಕು ಎಂಬುದು ಇದರಿಂದ ಹುಟ್ಟಿದ ನಿಯಮ. ಹಾರುವ ಬಾತುಗಳ ಸಾಲು ಎನ್ನಿಸುವ ಫ್ಲೈಯಿಂಗ್ ಗೀಸ್ ಬ್ಲಾಕ್‌ನಲ್ಲಿ ಅಗಲ ಎತ್ತರದ ಎರಡರಷ್ಟು. ನಡುವೆ ಒಂದು ದೊಡ್ಡ ತ್ರಿಕೋನ, ಎರಡು ಮಗ್ಗುಲಿಗೆ ಚಿಕ್ಕವು. ದೊಡ್ಡದನ್ನು ನಾಲ್ಕು ಮಾಡುವ ಬಗೆಯಲ್ಲೂ ಚಿಕ್ಕವನ್ನು ಎರಡು ಮಾಡುವ ಬಗೆಯಲ್ಲೂ ಕತ್ತರಿಸಬೇಕು. ಇದನ್ನು ಓದಿ ತಿಳಿದವರಿಗಿಂತ, ಅಂಚೆಲ್ಲ ಹಪ್ಪಳದ ಹಾಗೆ ಅಲೆಅಲೆಯಾದ ಹೊದಿಕೆಯೊಂದನ್ನು ಮಾಡಿಟ್ಟುಕೊಂಡು ತಿಳಿದವರೇ ಹೆಚ್ಚು.

ಪರಿಹಾರಗಳಲ್ಲಿ ನಮ್ಮ ಮನೆಗಳಿಗೆ ಹೊಸದೇನಿಲ್ಲ. ಬಟ್ಟೆಗೆ ಗಟ್ಟಿ ಗಂಜಿ ಹಾಕಿ ಒಣಗಿಸಿ ಕತ್ತರಿಸಿದರೆ ಓರೆ ಬದಿಯೂ ಬಹಳಷ್ಟು ತೆಪ್ಪಗಿರುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಗೆ ಉಜ್ಜಿದ ಹಾಗೆ ಉಜ್ಜಬಾರದು. ಎತ್ತಿ, ಇಟ್ಟು, ಒತ್ತಿ, ಮತ್ತೆ ಎತ್ತಬೇಕು. ಹೊಲಿಗೆಯ ಹಿಂಬದಿಯ ಅಂಚನ್ನು ಒಂದು ಸಾಲಿನಲ್ಲಿ ಬಲಕ್ಕೆ ಮಡಚಿದರೆ ಮುಂದಿನ ಸಾಲಿನಲ್ಲಿ ಎಡಕ್ಕೆ. ಎರಡು ಸಾಲು ಎದುರುಬದುರಾದಾಗ ಆ ಎರಡು ದಿಣ್ಣೆಗಳು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ, ಕೂಡುಮೂಲೆ ತಾನಾಗಿ ಕೂಡುತ್ತದೆ.

ಕತ್ತರಿ ಹಿಡಿದು ಒಂದೊಂದೇ ತುಂಡು ಕತ್ತರಿಸುತ್ತಿದ್ದ ಕಾಲದಲ್ಲಿ ಈ ಕರಾರುವಾಕ್ಕು ಇನ್ನೂ ದುಬಾರಿಯಾಗಿತ್ತು. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಚಕ್ರದ ಅಲಗಿನ ರೋಟರಿ ಕಟರ್ ತಂದಿತು. ಪಾರದರ್ಶಕ ಅಳತೆಪಟ್ಟಿಯ ಅಂಚಿಗೆ ತಾಗಿಸಿ ಉರುಳಿಸಿದರೆ ನಾಲ್ಕಾರು ಪದರ ಬಟ್ಟೆ ಒಂದೇ ಸಲಕ್ಕೆ ನೇರ ಕತ್ತರಿಸಿಕೊಳ್ಳುತ್ತದೆ. ನೇರ ಗೆರೆಯ ಬ್ಲಾಕ್‌ಗಳು ಇದ್ದಕ್ಕಿದ್ದ ಹಾಗೆ ಎಲ್ಲರ ಕೈಗೆಟುಕಿದವು. ಪಟ್ಟಿ ತಪ್ಪಾಗಿ ಇಟ್ಟರೆ ನಾಲ್ಕಾರು ಪದರವೂ ಒಂದೇ ಸಲಕ್ಕೆ ಕೆಡುತ್ತದೆ ಎನ್ನುವುದು ಅದರ ಇನ್ನೊಂದು ಮುಖ.

ತ್ರಿಕೋನ ಪಳಗಿದವರ ಕಣ್ಣು ನಕ್ಷತ್ರದ ಮೇಲೆ ಬೀಳುತ್ತದೆ. ಲೋನ್ ಸ್ಟಾರ್ ಎಂಬುದು ಇಡೀ ಹಾಸಿಗೆಯಗಲಕ್ಕೆ ಚಾಚುವ ಎಂಟು ಮೊನೆಯ ಒಂಟಿ ನಕ್ಷತ್ರ. ಒಂದೊಂದು ಮೊನೆಯೂ ಸಣ್ಣ ಸಣ್ಣ ವಜ್ರಾಕೃತಿಗಳಿಂದ ಆದ ದೊಡ್ಡ ವಜ್ರ. ಬದಿಗೆ ಏಳರಂತೆ ಇಟ್ಟರೆ ಮೊನೆಗೆ 49, ಎಂಟಕ್ಕೆ 392 ವಜ್ರಗಳು. ಪ್ರತಿಯೊಂದಕ್ಕೂ ಎರಡು ಬದಿ ನೇರ, ಎರಡು ಬದಿ ಓರೆ. ಎಂಟು ಮೊನೆಗಳು ನಡುವಿನ ಒಂದೇ ಚುಕ್ಕೆಯಲ್ಲಿ ಕೂಡಬೇಕು. ಒಂದೊಂದರ ಕೋನ 45 ಡಿಗ್ರಿ, ಒಟ್ಟು 360. ಕೋನ ಒಂದೇ ಡಿಗ್ರಿ ಹೆಚ್ಚಾದರೂ ಎಂಟು ಸೇರಿ 368. ಆ ಎಂಟು ಡಿಗ್ರಿಗೆ ನೆಲದ ಮೇಲೆ ಜಾಗವಿಲ್ಲ, ಬಟ್ಟೆ ಅಲೆ ಏಳುತ್ತದೆ. ಕಡಿಮೆಯಾದರೆ ನಡುವೆ ಗೋಪುರ. ಇಸ್ತ್ರಿ ಒತ್ತಿದಾಗ ಮಲಗಿ, ಪೆಟ್ಟಿಗೆ ತೆಗೆದ ಕೂಡಲೇ ಎದ್ದು ಕೂರುವ ಗೋಪುರ.

ಓರೆ ಕೋನಗಳಲ್ಲಿ ಹೊಸಬರನ್ನು ದಾರಿ ತಪ್ಪಿಸುವುದು ಬಟ್ಟೆಯ ಕತ್ತರಿಸಿದ ಅಂಚು. ಚೌಕಗಳಲ್ಲಿ ಅಂಚಿಗೆ ಅಂಚು, ಮೂಲೆಗೆ ಮೂಲೆ ಇಟ್ಟು ಹೊಲಿದು ರೂಢಿ. ವಜ್ರಗಳಲ್ಲಿ ಹಾಗೆ ಇಟ್ಟು ಹೊಲಿದು ಬಿಡಿಸಿದರೆ ಕೂಡುಗೆರೆಗಳು ಜಾರಿ ಕೂತಿರುತ್ತವೆ. ಗೆರೆಗಳು ಕೂಡಬೇಕಾದದ್ದು ಅಂಚಿನಲ್ಲಲ್ಲ, ಅಂಚಿನಿಂದ ಕಾಲಿಂಚು ಒಳಗೆ, ದಾರ ಓಡುವ ಜಾಗದಲ್ಲಿ. ಅಲ್ಲಿ ಕೂಡಿಸಿ ಗುಂಡುಸೂಜಿ ಚುಚ್ಚಿದರೆ ಹೊರಗೆ ಎರಡು ತುದಿಗಳು ಕಿವಿಗಳಂತೆ ಚಾಚಿಕೊಂಡು ಪೂರಾ ತಪ್ಪಾಗಿ ಕಾಣುತ್ತವೆ. ಆ ತಪ್ಪು ಕಾಣುವುದೇ ಸರಿ. ಇದನ್ನು ಕೈ ನಂಬಲು ಕೆಲವು ಬ್ಲಾಕ್‌ಗಳಾದರೂ ಬೇಕು.

ನಕ್ಷತ್ರದ ಮೊನೆಗಳ ನಡುವಿನ ಕಣಿವೆಯಲ್ಲಿ ಚೌಕವನ್ನು ಕೂರಿಸುವುದು ಮುಂದಿನ ಮೆಟ್ಟಿಲು. ಮೂರು ಹೊಲಿಗೆಗಳು ಒಂದು ಬಿಂದುವಿನಲ್ಲಿ ಸೇರುತ್ತವೆ. ಹೊಲಿಗೆಯನ್ನು ಅಂಚಿನವರೆಗೆ ಓಡಿಸದೆ ಕಾಲಿಂಚು ಮೊದಲೇ ನಿಲ್ಲಿಸಿ, ಬಟ್ಟೆ ತಿರುಗಿಸಿ, ಎರಡನೆಯ ಬದಿ ಹೊಲಿಯಬೇಕು. ಒಂದು ಹೊಲಿಗೆಯಷ್ಟು ಮುಂದೆ ಹೋದರೆ ಅಲ್ಲಿ ಸುಕ್ಕು, ಒಂದು ಹೊಲಿಗೆಯಷ್ಟು ಮೊದಲೇ ನಿಂತರೆ ತೂತು. ಮೆಷಿನ್ ಇಲ್ಲದ ಕಾಲದವರಿಗೆ ಇದು ಇಷ್ಟು ದೊಡ್ಡ ಕಷ್ಟವಾಗಿರಲಿಲ್ಲ ಎಂಬುದು ಸ್ವಾರಸ್ಯ. ಕೈಹೊಲಿಗೆಯಲ್ಲಿ ಸೂಜಿ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಇಂಗ್ಲೆಂಡಿನಲ್ಲಂತೂ ಇನ್ನೂ ಭದ್ರವಾದ ದಾರಿ ಹಿಡಿದಿದ್ದರು: ಆಕಾರವನ್ನು ಕಾಗದದಲ್ಲಿ ಕತ್ತರಿಸಿ, ಬಟ್ಟೆಯನ್ನು ಅದರ ಮೇಲೆ ಮಡಚಿ ಟಾಕು ಹಾಕಿ, ಆಮೇಲೆ ಅಂಚಿಗೆ ಅಂಚು ಹೊಲಿಯುವುದು. 1718ನೇ ಇಸವಿ ನಮೂದಾಗಿರುವ ರೇಷ್ಮೆಯ ಮೇಲುಹೊದಿಕೆಯೊಂದು ಹೀಗೆ ಹೊಲಿದದ್ದು; ಅದೀಗ ಬ್ರಿಟನ್ನಿನ ಕ್ವಿಲ್ಟರ್ಸ್ ಗಿಲ್ಡ್ ಬಳಿಯಿದೆ. ಅಲ್ಲಿ ಆಕಾರ ಕಾಪಾಡುವ ಹೊಣೆ ಕಾಗದದ್ದು, ಬಟ್ಟೆ ಎಷ್ಟು ಜಗ್ಗಿದರೂ ಚಿಂತೆಯಿಲ್ಲ.

ಎರಡೇ ತುಂಡಿನ ಚೌಕದ ಮಾತು ಆಗಲೇ ಬಂತು. ಅದರ ಹೆಸರು ಡ್ರಂಕರ್ಡ್ಸ್ ಪಾತ್, ಕುಡುಕನ ಹಾದಿ. ಚೌಕದ ಮೂಲೆಯಲ್ಲಿ ಕಾಲು ವೃತ್ತ. ಇಂಥವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಜೋಡಿಸಿದರೆ ಹೊದಿಕೆಯ ತುಂಬ ತೂರಾಡುವ ದಾರಿಗಳು ಮೂಡುತ್ತವೆ. ಒಂದು ತುಂಡಿನ ಅಂಚು ಹೊರಕ್ಕೆ ಉಬ್ಬಿದೆ, ಇನ್ನೊಂದರದು ಒಳಕ್ಕೆ ತಗ್ಗಿದೆ. ಎರಡನ್ನೂ ಎದುರುಬದುರು ಇಟ್ಟರೆ ಒಂದು ಎಡಕ್ಕೆ ಬಾಗಿದರೆ ಇನ್ನೊಂದು ಬಲಕ್ಕೆ. ಕಟೋರಿ ರವಿಕೆಯ ಬಟ್ಟಲು ಕೂಡಿಸಿದವರಿಗೆ, ಕಂಕುಳಿಗೆ ತೋಳು ಕೂರಿಸಿದವರಿಗೆ ಈ ಪೇಚಾಟ ಚೆನ್ನಾಗಿ ಗೊತ್ತು. ಉಬ್ಬಿದ ತುಂಡನ್ನು ಕೆಳಗಿಟ್ಟು, ಎರಡರ ನಡುಬಿಂದು ಮಡಚಿ ಗುರುತು ಮಾಡಿ ಮೊದಲ ಸೂಜಿ ಅಲ್ಲಿಗೆ, ಆಮೇಲೆ ಎರಡು ತುದಿಗಳಿಗೆ, ಬಾಕಿ ಸೂಜಿಗಳು ನಡುನಡುವೆ. ತಗ್ಗಿದ ಅಂಚನ್ನು ಚೂರು ಚೂರು ಕಚ್ಚು ಹಾಕಿ ಸಡಿಲಿಸಿಕೊಳ್ಳುವವರಿದ್ದಾರೆ. ಅದರ ಅಗತ್ಯವೇ ಇಲ್ಲ, ಓರೆ ಎಳೆ ತಾನೇ ಬಳುಕುತ್ತದೆ ಎನ್ನುವವರೂ ಇದ್ದಾರೆ. ಆ ಪಂಗಡದವರ ಮಾತೇ ಹೆಚ್ಚು ನಂಬಬಹುದಾದದ್ದು. ಕಚ್ಚು ಒಂದು ಎಳೆ ಹೆಚ್ಚು ಆಳಕ್ಕೆ ಹೋದರೆ ಅದನ್ನು ಬಿಚ್ಚಿ ಸರಿಪಡಿಸುವ ದಾರಿ ಇಲ್ಲ. ಕ್ರಾಸ್‌ನ ಜಗ್ಗುವ ಗುಣ ತ್ರಿಕೋನದಲ್ಲಿ ಶತ್ರುವಾಗಿದ್ದದ್ದು ಇಲ್ಲಿ ನೆಂಟ.

ಎರಡು ಉಂಗುರಗಳು ಹೆಣೆದುಕೊಂಡ ಡಬಲ್ ವೆಡ್ಡಿಂಗ್ ರಿಂಗ್ ಇದೇ ತಿರುವಿನ ದೊಡ್ಡಣ್ಣ. ಬಾಗುವ ಕಮಾನೂ ಸಣ್ಣ ಸಣ್ಣ ಬೆಣೆ ತುಂಡುಗಳಿಂದಲೇ ಆಗಿರುತ್ತದೆ. ಬೆಣೆಗಳಲ್ಲಿ ಕೂದಲೆಳೆ ತಪ್ಪಿದರೆ ಕಮಾನು ಗಿಡ್ಡ, ಕಮಾನು ಗಿಡ್ಡವಾದರೆ ನಡುವಿನ ತುಂಡಿಗೆ ಹೊಂದುವುದಿಲ್ಲ. 1928ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಇದು ಅಚ್ಚಾದ ಮೇಲೆ ಮನೆಮನೆಯ ಹುಚ್ಚಾಯಿತು.

ಹೌದು, ಪತ್ರಿಕೆಗಳಲ್ಲಿ. ಅಲ್ಲಿನ ಕಾನ್ಸಾಸ್ ಸಿಟಿ ಸ್ಟಾರ್ ಪತ್ರಿಕೆ 1928ರಿಂದ 1961ರವರೆಗೆ ಕ್ವಿಲ್ಟ್ ಬ್ಲಾಕ್‌ಗಳ ವಿನ್ಯಾಸ ಪ್ರಕಟಿಸುತ್ತ ಬಂತು. ಅದಕ್ಕೂ ಮೊದಲು ಸೇಂಟ್ ಲೂಯಿಸ್‌ನ ಲೇಡೀಸ್ ಆರ್ಟ್ ಕಂಪನಿ ಅಂಚೆಯಲ್ಲಿ ನಕ್ಷೆಗಳನ್ನು ಮಾರುತ್ತಿತ್ತು. ಚಿತ್ರ ಸಿಗುತ್ತಿತ್ತು, ಆಕಾರಗಳು ಸಿಗುತ್ತಿದ್ದವು; ಹೇಗೆ ಹೊಲಿಯಬೇಕು ಎಂಬ ಸಾಲುಗಳು ಮಾತ್ರ ತೀರ ಚುಟುಕು. ಯಾವ ಹೊಲಿಗೆ ಮೊದಲು, ಯಾವುದು ಆಮೇಲೆ ಎಂಬುದನ್ನು ಓದುಗರೇ ಮಾಡಿ, ಕೆಡಿಸಿ ಕಂಡುಕೊಳ್ಳಬೇಕು. ಅಚ್ಚಿಗೂ ಹಿಂದಿನ ಕಾಲದಲ್ಲಿ ಹೆಂಗಸರು ಹೊಸ ವಿನ್ಯಾಸ ಕಂಡರೆ ಒಂದೇ ಒಂದು ಬ್ಲಾಕ್ ಹೊಲಿದು ಪೆಟ್ಟಿಗೆಯಲ್ಲಿ ಎತ್ತಿಡುತ್ತಿದ್ದರು. ಅದೇ ಅವರ ನೋಟ್‌ಬುಕ್ಕು. ಈಚಿನ ಕಾಲದಲ್ಲಿ ಬಾರ್ಬರಾ ಬ್ರಾಕ್‌ಮನ್ ಎಂಬ ಇತಿಹಾಸಕಾರ್ತಿ ಅಚ್ಚಾದ ವಿನ್ಯಾಸಗಳನ್ನೆಲ್ಲ ಕಲೆಹಾಕಿ ನಂಬರು ಕೊಟ್ಟರು. ನಾಲ್ಕು ಸಾವಿರ ದಾಟಿತು.

ಈ ಪೇಚಾಟಕ್ಕೆ ಒಂದು ಸೊಗಸಾದ ಸಬೂಬೂ ಚಾಲ್ತಿಯಲ್ಲಿದೆ. ಪರಿಪೂರ್ಣತೆ ದೇವರಿಗೆ ಮಾತ್ರ ಸಲ್ಲುವುದರಿಂದ ಹಿಂದಿನವರು ಬೇಕೆಂದೇ ಒಂದು ತುಂಡನ್ನು ತಪ್ಪಾಗಿ ಇಡುತ್ತಿದ್ದರಂತೆ. ಕ್ವಿಲ್ಟ್ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ, ಆ ಕಾಲದ ಬರಹಗಳಲ್ಲಿ ಅದಕ್ಕೆ ಆಧಾರ ಕಂಡಿಲ್ಲ. ಬೇಕೆಂದೇ ತಪ್ಪು ಮಾಡುವ ಅಗತ್ಯ ಹೊಲಿಯುವವರಿಗೆ ಯಾವತ್ತಾದರೂ ಬಿದ್ದೀತೇ ಎಂಬ ಸಾಮಾನ್ಯ ಅನುಮಾನವೂ ಇದೆ.

ಮೊನೆಗಳು ಸೂಜಿಯಷ್ಟು ಚೂಪಾಗಬೇಕಾದ ಕಡೆ ಅಮೆರಿಕನ್ನರೂ ಕೊನೆಗೆ ಕಾಗದಕ್ಕೇ ಶರಣಾದರು. ನಾವಿಕರ ದಿಕ್ಸೂಚಿಯ ಆಕಾರದ ಮ್ಯಾರಿನರ್ಸ್ ಕಂಪಾಸ್‌ನಲ್ಲಿ 32 ಮೊನೆಗಳಿದ್ದರೆ ಒಂದೊಂದರ ಪಾಲಿಗೆ 11.25 ಡಿಗ್ರಿ. ಅಷ್ಟು ಕಿರಿದಾದ ತುಂಡನ್ನು ಅಳತೆಗೆ ಕತ್ತರಿಸಿ ಹೊಲಿಯುವುದು ಬಲ್ಲವರಿಗೂ ಸಾಹಸ. ಅದಕ್ಕೆ ನಕ್ಷೆಯನ್ನು ಕಾಗದದ ಮೇಲೆ ಬರೆದು, ಬಟ್ಟೆಯನ್ನು ಅಡಿಯಲ್ಲಿಟ್ಟು, ಗೆರೆಯ ಮೇಲೇ ಮೆಷಿನ್ ಓಡಿಸಿ, ಕೊನೆಗೆ ಕಾಗದವನ್ನು ಹರಿದು ತೆಗೆಯುತ್ತಾರೆ. ಸುಲಭವಾಗಿ ಹರಿಯಲಿ ಎಂದು ಹೊಲಿಗೆ ಒತ್ತಾಗಿ, ಸುಮಾರು ಒಂದೂವರೆ ಮಿಲಿಮೀಟರಿಗೆ ಒಂದರಂತೆ. ಅಳತೆಯ ತಲೆನೋವು ಹೋಯಿತು, ಬದಲಿಗೆ ಹೊಸ ತಲೆನೋವು ಬಂತು: ಎಲ್ಲವೂ ಕನ್ನಡಿಯ ಬಿಂಬದಂತೆ ಎಡಬಲ ಅದಲುಬದಲು. ಹೊಲಿದು ಬಟ್ಟೆಯನ್ನು ಮಗುಚಿದಾಗ ಅದು ಮುಚ್ಚಬೇಕಾದ ಜಾಗವನ್ನು ಮುಚ್ಚದೆ ಒಂದು ಮೂಲೆ ಬೋಳಾಗಿ ಉಳಿಯುವುದು ಇಲ್ಲಿನ ನಿತ್ಯದ ಗೋಳು. ಹೊಲಿಗೆ ಒತ್ತಾಗಿರುವುದರಿಂದ ಬಿಚ್ಚುವುದೂ ಹಿಂಸೆ. ಹೊಸಬರು ಅಂಗೈಯಗಲದ ಬಟ್ಟೆಗಳನ್ನು ಧಾರಾಳವಾಗಿ ಇಟ್ಟು ಹೊಲಿದು ಅರ್ಧ ಕತ್ತರಿಸಿ ಬಿಸಾಡುವುದು ಜಿಪುಣತನಕ್ಕಿಂತ ಅಗ್ಗ.

ಜಿನ್ನಿ ಬೇಯರ್ ಇದಕ್ಕೆಲ್ಲ ಇನ್ನೊಂದು ತುದಿ. ಅಮೆರಿಕದ ಈ ಪ್ರಸಿದ್ಧ ಕ್ವಿಲ್ಟ್ ಕಲಾವಿದೆ ಹೊಲಿಯಲು ಶುರು ಮಾಡಿದ್ದು 1970ರ ದಶಕದ ಆರಂಭದಲ್ಲಿ ಭಾರತದಲ್ಲಿದ್ದಾಗ, ಇಲ್ಲಿನ ಅಚ್ಚಿನ ಹತ್ತಿ ಬಟ್ಟೆಗಳಿಂದ. ಕೈಹೊಲಿಗೆ ಅವರ ಹೆಗ್ಗುರುತಾಗಿ ಉಳಿಯಿತು. ಮೆಷಿನ್ನಿನ ವೇಗಕ್ಕೆ ಮಾರುಹೋದ ಕಾಲದಲ್ಲಿ ಅವರು ಕಷ್ಟದ ನಕ್ಷತ್ರಗಳನ್ನು ಕೈಯಲ್ಲೇ ಕೂಡಿಸಿ ತೋರಿಸಿದರು. 2009ರಲ್ಲಿ ಬಂದ ಅವರ ಗ್ರಂಥದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ವಿನ್ಯಾಸಗಳಿವೆ.

ಭಾರತದ ಬಟ್ಟೆಯಿಂದ ಅಮೆರಿಕದ ಬ್ಲಾಕ್ ಹುಟ್ಟಿದ ಕಥೆ ಅದು. ಈಗ ಉಲ್ಟಾ ಪ್ರಯಾಣವೂ ನಡೆದಿದೆ, ಅದು ಹೊರಡುವುದು ಉತ್ತರ ಕನ್ನಡದಿಂದ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿ ಇಂದು ಹೊರದೇಶದ ಕ್ವಿಲ್ಟ್ ಲೋಕದಲ್ಲಿ ಕವಂಡಿ ಎಂದೇ ಹೆಸರಾಗಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಇವುಗಳ ಪ್ರದರ್ಶನ ನಡೆಯಿತು.

ಈ ಕೌದಿಯಲ್ಲಿ ಬ್ಲಾಕ್ ಎಂಬುದೇ ಇಲ್ಲ. ಅಡಿಗೆ ಹಳೆಯ ಸೀರೆ. ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸುತ್ತುತ್ತ, ಸುತ್ತು ಸುತ್ತಾಗಿ ಒಳಕ್ಕೆ ಸಾಗುತ್ತಾರೆ. ಕೈಗೆ ಸಿಕ್ಕ ತುಂಡಿನ ಅಂಚು ಮಡಚಿ, ಹಿಂದಿನ ತುಂಡಿನ ಮೇಲೆ ತುಸು ಹತ್ತಿಸಿ, ಎಲ್ಲ ಪದರಗಳನ್ನೂ ಸೇರಿಸಿ ಸೂಜಿ ಓಡಿಸುತ್ತಾರೆ. ಜೋಡಣೆಯೂ ಕೌದಿಯ ಹೊಲಿಗೆಯೂ ಒಂದೇ ಸಲಕ್ಕೆ ಆಗಿಹೋಗುತ್ತವೆ. ತುಂಡು ಗಿಡ್ಡವಾಯಿತೇ, ಪಕ್ಕಕ್ಕೆ ಇನ್ನೊಂದು ಚೂರು. ಓರೆಯಾಯಿತೇ, ಮುಂದಿನದು ಆ ಓರೆಯ ಮೇಲೇ ಕೂರುತ್ತದೆ. ಒಂದು ತುಂಡಿನ ತಪ್ಪನ್ನು ಮರು ತುಂಡೇ ನುಂಗಿಕೊಳ್ಳುವುದರಿಂದ ಸಾಲದ ಹಾಗೆ ಬೆಳೆಯುತ್ತ ಹೋಗುವ ಹದಿನಾರನೇ ಒಂದಿಂಚಿನ ಭೂತಕ್ಕೆ ಇಲ್ಲಿ ಎಡೆಯಿಲ್ಲ. ಮೂಲೆಗಳಿಗೆ ಮಾತ್ರ ಮಡಚಿದ ತ್ರಿಕೋನದ ‘ಫೂಲ’ ಬೇಕೇ ಬೇಕು. ಅದಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಭಾವನೆ.

ಅಮೆರಿಕದಲ್ಲೂ ಇಂಥ ಹೊಲಿಗೆ ಇರಲಿಲ್ಲವೆಂದಲ್ಲ. ಅಲಬಾಮಾ ನದಿ ಬಳಸಿ ಹರಿಯುವ ಗೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರು ಹೊಲದಲ್ಲಿ ಸವೆದ ಜೀನ್ಸು, ಅಂಗಿಗಳಿಂದ ಅಳತೆಪಟ್ಟಿಯ ಹಂಗಿಲ್ಲದೆ ಕ್ವಿಲ್ಟ್ ಮಾಡಿದರು. 2002ರಲ್ಲಿ ಹ್ಯೂಸ್ಟನ್‌ನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಅವು ಗೋಡೆಯೇರಿದವು, 2006ರಲ್ಲಿ ಅಂಚೆಚೀಟಿಯೇರಿದವು. ಆದರೆ ಅವರದು ತುಂಡುಗಳನ್ನು ಮೊದಲು ಕೂಡಿಸಿ ಆಮೇಲೆ ಪದರ ಸೇರಿಸುವ ಕ್ರಮ. ಹೊರಗಿಂದ ಒಳಕ್ಕೆ, ಪದರದ ಸಮೇತ ನಡೆಯುವ ಸಿದ್ದಿ ಕ್ರಮ ಬೇರೆಯೇ.

ಕವಂಡಿ ಕಲಿಯಲು ಕೂತ ಅಮೆರಿಕದ ನುರಿತ ಕೈಗಳಿಗೆ ಇದು ಆಟವಾಗಬೇಕಿತ್ತು. ಕಾಲಿಂಚಿಲ್ಲ, ಕೋನವಿಲ್ಲ, ಹೊಂದಿಸಬೇಕಾದ ಮೊನೆಯಿಲ್ಲ. ಮೊದಲ ಎಡವಟ್ಟು ಅಭ್ಯಾಸದ್ದು: ಮುಂದಿನ ಹತ್ತು ತುಂಡುಗಳನ್ನು ಮೊದಲೇ ಕತ್ತರಿಸಿ ಸಾಲಾಗಿ ಜೋಡಿಸಿಟ್ಟುಕೊಳ್ಳುವುದು. ಎರಡನೆಯ ಸುತ್ತಿಗೇ ಅವು ಹೊಂದದೆ ಹೋಗುತ್ತವೆ, ಏಕೆಂದರೆ ಜಾಗದ ಅಳತೆ ಗೊತ್ತಾಗುವುದು ಹಿಂದಿನ ತುಂಡು ಹೊಲಿದು ಮುಗಿದ ಮೇಲೆ. ಎರಡನೆಯದು ಬಟ್ಟೆಯದು. ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬಂದಂತೆ ಅಡಿಯ ಸೀರೆಯ ಸಡಿಲವೆಲ್ಲ ಸೂಜಿಯ ಮುಂದೆ ಸರಿಯುತ್ತ ನಡುವಿಗೆ ಬಂದು ಸೇರುತ್ತದೆ, ಕೊನೆಯ ತುಂಡು ಇಡುವ ಹೊತ್ತಿಗೆ ಅಲ್ಲೊಂದು ಬುಗುಟು. ಅದಕ್ಕೆ ಕೆಲವರು ಮೊದಲೇ ಅಡಿಬಟ್ಟೆಗೆ ದೊಡ್ಡ ದೊಡ್ಡ ಟಾಕು ಹಾಕಿಕೊಳ್ಳುತ್ತಾರೆ, ಕೆಲವರು ಪ್ರತಿ ಸುತ್ತಿಗೂ ನೆಲಕ್ಕೆ ಹಾಸಿ ಅಂಗೈಯಿಂದ ಹೊರಕ್ಕೆ ತೀಡುತ್ತಾರೆ, ಇನ್ನು ಕೆಲವರು ಬುಗುಟನ್ನು ಹಾಗೇ ಮಡಚಿ ಅದರ ಮೇಲೊಂದು ತುಂಡು ಹೊಲಿದು ದಾರ ಕತ್ತರಿಸುತ್ತಾರೆ.